ಮೋಟು ಪರದೆಗೆ ನಾಲ್ಕು ಇಂಚು

ನಮಸ್ಕಾರ ಕೇಳುಗರೇ.

ಹೊಸ ಪರದೆ ತಂದಿದ್ದೀರಿ. ಸ್ಟೂಲು ಹತ್ತಿ, ರಾಡಿಗೆ ಪೋಣಿಸಿ, ಕೆಳಗಿಳಿದು ನೋಡಿದರೆ ಪರದೆ ನೆಲ ಮುಟ್ಟಿಯೇ ಇಲ್ಲ. ನಾಲ್ಕು ಇಂಚು ಮೇಲೆ ನಿಂತಿದೆ. ಕಳೆದ ವರ್ಷದ ಪ್ಯಾಂಟು ಹಾಕಿಕೊಂಡು ನಿಂತ ಹುಡುಗನ ಹಾಗೆ. ಪ್ಯಾಂಟಾದರೆ ಹುಡುಗ ಬೆಳೆದ ಅನ್ನಬಹುದು. ಗೋಡೆ ಬೆಳೆಯುವುದಿಲ್ಲವಲ್ಲ!

ಎಡವಟ್ಟಾಗುವುದು ಹೆಚ್ಚಾಗಿ ಅಳತೆಯಲ್ಲಿ. ನಾವು ಕಿಟಕಿಯನ್ನು ಅಳೆದುಕೊಂಡು ಹೋಗುತ್ತೇವೆ. ಪರದೆ ಇಳಿಯುವುದು ಕಿಟಕಿಯಿಂದ ಅಲ್ಲ, ರಾಡಿನಿಂದ. ರಾಡು ಚೌಕಟ್ಟಿಗಿಂತ ನಾಲ್ಕೋ ಆರೋ ಇಂಚು ಮೇಲಿರುತ್ತದೆ. ಅಷ್ಟೂ ಕೆಳಗಡೆ ಕಡಿಮೆ ಬೀಳುತ್ತದೆ. ಇನ್ನೊಂದು ಕಾರಣ ಒಗೆತ. ಹತ್ತಿ ಬಟ್ಟೆ ಮೊದಲ ಸಲ ನೀರಿಗೆ ಬಿದ್ದಾಗ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಮಾಮೂಲು. 84 ಇಂಚಿನ, ಅಂದರೆ 7 ಅಡಿಯ ಪರದೆಯಲ್ಲಿ ಇದು ಎರಡೂವರೆಯಿಂದ ನಾಲ್ಕು ಇಂಚು. ಬಿಸಿನೀರಾದರೆ ಇನ್ನೂ ಜಾಸ್ತಿ ಆಗಬಹುದು.

ಕಡಿಮೆ ಬಿದ್ದಿರುವುದು ಒಂದೆರಡು ಇಂಚಾದರೆ ಸೂಜಿ ಹುಡುಕಬೇಡಿ. ರಾಡಿಗೆ ನೇರವಾಗಿ ಪೋಣಿಸಿದ ಪರದೆಯನ್ನು ತೆಗೆದು, ಕ್ಲಿಪ್ ಇರುವ ರಿಂಗುಗಳಿಂದ ತೂಗುಹಾಕಿ. ರಿಂಗು, ಕ್ಲಿಪ್ಪು ಎರಡೂ ಸೇರಿ ಪರದೆ ಅಷ್ಟು ಕೆಳಗಿಳಿಯುತ್ತದೆ. ಮೇಲುಗಡೆ ಸಂದಿಯಲ್ಲಿ ಸ್ವಲ್ಪ ಬೆಳಕು ನುಗ್ಗುತ್ತದೆ, ಅಷ್ಟೇ. ರಾಡನ್ನೇ ಕೆಳಗಿಳಿಸಬಹುದು ಅನ್ನುವವರಿದ್ದಾರೆ. ಇಳಿಸಬಹುದು. ಆದರೆ ಹಳೆಯ ತೂತುಗಳು ಗೋಡೆಯ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿರುತ್ತವೆ. ನನಗಂತೂ ಅದು ಇಷ್ಟವಿಲ್ಲ.

ಮೂರು ಇಂಚಿಗಿಂತ ಹೆಚ್ಚು ಬೇಕು ಅಂದಾಗ ಮೊದಲು ನೋಡಬೇಕಾದದ್ದು ಪರದೆಯ ಕೆಳಗಿನ ಮಡಿಕೆ. ಅದನ್ನು ಬೆಳಕಿಗೆ ಹಿಡಿಯಿರಿ. ಬಟ್ಟೆ ಎಷ್ಟು ಪದರ ಇದೆ ಅಂತ ಗೊತ್ತಾಗುತ್ತದೆ. ಒಳ್ಳೆಯ ಹೊಲಿಗೆಯ ಪರದೆಯಲ್ಲಿ ಮಡಿಕೆಯೊಳಗೆ ಇನ್ನೊಂದು ಪೂರಾ ಮಡಿಕೆ ಇರುತ್ತದೆ. ಮಡಿಕೆ ಹೊರಗೆ 3 ಇಂಚು ಕಂಡರೆ ಒಳಗೆ ಅಡಗಿರುವ ಬಟ್ಟೆ 6 ಇಂಚು. ನಿಮಗೆ ಬೇಕಾಗಿದ್ದಕ್ಕಿಂತ ಜಾಸ್ತಿಯೇ ಅಲ್ಲಿದೆ!

ಬಿಚ್ಚುವಾಗ ಎಳೆದಾಡಬೇಡಿ. ಹಿಂಬದಿಯಿಂದ ನಾಲ್ಕು ಹೊಲಿಗೆಗೊಂದರಂತೆ ದಾರ ಕತ್ತರಿಸುತ್ತಾ ಹೋಗಿ. ಆಮೇಲೆ ಪರದೆ ತಿರುಗಿಸಿ ಮುಂದಿನ ದಾರ ಎಳೆದರೆ ಸರ್ರನೆ ಉದ್ದಕ್ಕೂ ಬರುತ್ತದೆ. ಮಡಿಕೆ ತೆರೆದುಕೊಂಡಾಗ ಒಂದು ಸಾಲು ಧೂಳು, ಒಂದು ಸಾಲು ಸೂಜಿಯ ಸಣ್ಣ ತೂತು, ಅದರ ಕೆಳಗೆ ಅಂಗಡಿಯಲ್ಲಿ ನೋಡಿದಾಗ ಇದ್ದ ಬಣ್ಣ. ಆ ಬಣ್ಣ ನೋಡಿದಾಗಲೇ ಮೇಲಿನ ಬಟ್ಟೆ ಎಷ್ಟು ಮಾಸಿದೆ ಅಂತ ತಿಳಿಯುವುದು.

ಮಡಿಕೆಯ ಗೆರೆ ಹೋಗಿಸಲು ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಗೆರೆಯ ಮೇಲೆ ಒರೆಸಿ, ಇಸ್ತ್ರಿ ಮಾಡಿ. ಮೊದಲು ಕಾಣದ ಮೂಲೆಯಲ್ಲಿ ಒಂದು ಸಲ ಪರೀಕ್ಷೆ ಮಾಡಿಕೊಳ್ಳಿ. ಕೆಲವು ಬಟ್ಟೆ ಬಣ್ಣ ಬಿಡುತ್ತವೆ. ಗೆರೆ ಹೋದರೂ ಬಿಸಿಲಿಗೆ ಮಾಸಿದ ವ್ಯತ್ಯಾಸ ಹೋಗುವುದಿಲ್ಲ. ಅದಕ್ಕೆ ವಿನೆಗರ್ ಏನೂ ಮಾಡಲಾರದು. ಹಳೆಯ ಗೆರೆಯ ಮೇಲೆಯೇ ಒಂದು ರಿಬ್ಬನ್ನೋ ಲೇಸೋ ಹೊಲಿದುಬಿಡಿ.

ಬಿಚ್ಚಿದ ಬಟ್ಟೆಯನ್ನು ಮತ್ತೆ ದಪ್ಪವಾಗಿ ಮಡಚಿದರೆ ಸಿಕ್ಕಿದ್ದೆಲ್ಲ ಮತ್ತೆ ಒಳಗೇ ಹೋಗುತ್ತದೆ. ಅದರ ಬದಲು ತುದಿಗೆ ಬೇರೆ ಯಾವುದಾದರೂ ತೆಳು ಬಟ್ಟೆಯ ಪಟ್ಟಿ ಸೇರಿಸಿ, ಹಿಂದಕ್ಕೆ ತಿರುಗಿಸಿ ಹೊಲಿಯಿರಿ. ಹೀಗೆ ಮಾಡಿದರೆ ಪರದೆಯ ಬಟ್ಟೆ ಖರ್ಚಾಗುವುದು ಅರ್ಧ ಇಂಚು ಮಾತ್ರ.

ಮಡಿಕೆಯಲ್ಲಿ ಏನೂ ಇಲ್ಲ ಅಂದರೆ ಕೆಳಗೆ ಬಟ್ಟೆ ಸೇರಿಸಲೇಬೇಕು. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ನೀಲಿ ಪರದೆಗೆ ಅದೇ ನೀಲಿ ಹುಡುಕಿಕೊಂಡು ಹೋದೆ. ಅಂಗಡಿಯ ದೀಪದಡಿ ಎರಡೂ ಒಂದೇ ಅನ್ನಿಸಿತು. ಮನೆಗೆ ತಂದು ಹೊಲಿದು, ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದರೆ ತೇಪೆ ಹಾಕಿದ ಹಾಗಿತ್ತು. ಸಾಲದ್ದಕ್ಕೆ ಹೊಸ ಬಟ್ಟೆಯನ್ನು ಒಗೆಯದೆ ಹೊಲಿದಿದ್ದೆ. ಮೊದಲ ಒಗೆತಕ್ಕೇ ಪಟ್ಟಿ ಕುಗ್ಗಿ, ಹೊಲಿಗೆಯುದ್ದಕ್ಕೂ ಸುಕ್ಕುಸುಕ್ಕು. ಎಲ್ಲ ಬಿಚ್ಚಿ ಮತ್ತೆ ಮೊದಲಿಂದ.

ಅದೇ ಬಣ್ಣ ಸಿಗಲ್ಲ, ಸುಮ್ನೆ ಹುಡುಕಬೇಡಿ. ಪೂರ್ತಿ ಬೇರೆ ಬಣ್ಣವನ್ನೇ ತನ್ನಿ, ಬೇಕೆಂದೇ ಹಾಕಿದ್ದು ಅಂತ ಕಾಣಲಿ. ಪಟ್ಟಿ ಅಗಲವಾಗಿಯೂ ಇರಲಿ. ನೆಲದವರೆಗೆ ಬರುವ ಪರದೆಗೆ 4 ಇಂಚಿನ ಪಟ್ಟಿ ಹಾಕಿದರೆ ಸಾಲದೆ ಬಂದಾಗ ಅಂಟಿಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. 10 ಇಂಚು ಅಗಲ ಕಾಣುವಂತೆ ಹಾಕಿ. ಪರದೆಯ ಕೆಳಗಿನ 6 ಇಂಚು ಆ ಪಟ್ಟಿಯ ಹಿಂದೆ ಹೋಗಲಿ. ತೆಳು ಪರದೆಯಾದರೆ ಮಾತ್ರ ಆ 6 ಇಂಚನ್ನು ಕತ್ತರಿಸಿಯೇ ಸೇರಿಸಬೇಕು. ಇಲ್ಲವಾದರೆ ಬೆಳಕು ಬಂದಾಗ ಎರಡು ಪದರ ಇರುವ ಕಡೆ ಕಪ್ಪಗೆ ಕಾಣುತ್ತದೆ. ಪಟ್ಟಿಯ ಬಟ್ಟೆ ಪರದೆಯಷ್ಟೇ ತೂಕ ಇರಲಿ. ತೆಳು ಪರದೆಗೆ ಭಾರದ ಪಟ್ಟಿ ಜೋತುಬಿದ್ದು ಎಳೆಯುತ್ತದೆ. ಭಾರದ ಪರದೆಗೆ ತೆಳು ಪಟ್ಟಿ ಗಾಳಿಗೆ ಪಟಪಟ ಅನ್ನುತ್ತದೆ.

ಕೊನೆಯ ಮಡಿಕೆಯನ್ನು ಮಾತ್ರ ಅವಸರದಲ್ಲಿ ಹೊಲಿಯಬೇಡಿ. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಪರದೆಯನ್ನು ಎರಡು ದಿನ ತೂಗುಬಿಡಿ. ಸಡಿಲ ನೇಯ್ಗೆಯ ಬಟ್ಟೆ ತನ್ನ ಭಾರಕ್ಕೆ ತಾನೇ ಸ್ವಲ್ಪ ಇಳಿಯುತ್ತದೆ. ಆಮೇಲೆ ಎಡಕ್ಕೆ, ನಡುವೆ, ಬಲಕ್ಕೆ, ಮೂರು ಕಡೆ ನೆಲದಿಂದ ಅರ್ಧ ಇಂಚು ಬಿಟ್ಟು ಗುಂಡುಸೂಜಿ ಚುಚ್ಚಿ ಗುರುತು ಮಾಡಿ. ಉಕ್ಕಿನ ಟೇಪೇ ಬೇಕು. ಹೊಲಿಗೆಯ ಬಟ್ಟೆ ಟೇಪು ಹಳತಾದಂತೆ ಹಿಗ್ಗಿರುತ್ತದೆ.

ಮೂರು ಅಳತೆಯೂ ಒಂದೇ ಬರುತ್ತದೆ ಅಂದುಕೊಳ್ಳಬೇಡಿ. ನಮ್ಮ ಮನೆಯ ಪರದೆ ಎಡಗಡೆ ಕಾಲು ಇಂಚು ಉದ್ದ. ನೆಲ ಆ ಕಡೆಗೆ ಇಳಿಜಾರು. ಇಷ್ಟು ವರ್ಷ ಅದೇ ನೆಲದ ಮೇಲೆ ಓಡಾಡಿದ್ದೇನೆ, ಪರದೆ ಹೊಲಿಯುವ ತನಕ ಗೊತ್ತೇ ಇರಲಿಲ್ಲ. ನಮಸ್ಕಾರ.