ಜೇಬಿನ ಚಾಕು: ಕೊಳ್ಳುವ ಮೊದಲು ಮುಚ್ಚಿ ನೋಡಿ

[ಮೊದಲ ಶಾಟ್: ಬಲಗೈ ತೋರುಬೆರಳು, ತುಂಬಾ ಹತ್ತಿರದಿಂದ]

ನಮಸ್ಕಾರ. ಈ ಬೆರಳನ್ನು ಸ್ವಲ್ಪ ನೋಡಿ. ಗೆಣ್ಣಿನ ಒಳಭಾಗದಲ್ಲಿ ಒಂದು ಬಿಳಿ ಗೆರೆ ಕಾಣುತ್ತಿದೆ, ಅಲ್ವಾ? ಇದು ನನ್ನ ಮೊದಲನೇ ಮಡಚುವ ಚಾಕು ಬಿಟ್ಟುಹೋದ ಗುರುತು. ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಬೇಕಿತ್ತು. ಚಾಕುವಿನ ಮೊನೆ ಇಟ್ಟು ಜೋರಾಗಿ ಒತ್ತಿದೆ. ಮೊನೆ ಜಾರಿತು. ಅಲಗು ಮಡಚಿಕೊಂಡು ಬಂತು. ನಡುವೆ ನನ್ನ ಬೆರಳಿತ್ತು. ಮೂರು ಹೊಲಿಗೆ ಹಾಕಬೇಕಾಯಿತು.

ಚಾಕು ಕೆಟ್ಟದ್ದಲ್ಲ. ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ಲಾಕ್ ಅದಕ್ಕೆ ಇರಲಿಲ್ಲ, ಅದು ನನಗೆ ಗೊತ್ತಿರಲಿಲ್ಲ. ಕೊಳ್ಳುವಾಗ ಹತ್ತು ಸಲ ತೆರೆದು ನೋಡಿದ್ದೆ. ಒಂದು ಸಲವೂ ಗಮನ ಕೊಟ್ಟು ಮುಚ್ಚಿ ನೋಡಿರಲಿಲ್ಲ.

ಚಾಕುವಿನ ವಿಡಿಯೋಗಳಲ್ಲೂ ಹಾಗೇ. ಟಕ್ ಅಂತ ತೆರೆಯುವುದನ್ನೇ ತೋರಿಸುತ್ತಾರೆ. ಆ ಸದ್ದು ಚೆನ್ನಾಗಿರುತ್ತದೆ, ನಿಜ. ಆದರೆ ದಿನಾ ಜೇಬಿನಲ್ಲಿ ಇಟ್ಟುಕೊಳ್ಳುವ ಚಾಕುವನ್ನು ನಾನು ಈಗ ಆರಿಸುವುದು ಎರಡು ವಿಷಯ ನೋಡಿ. ಅದು ಹೇಗೆ ಮುಚ್ಚುತ್ತದೆ, ಮತ್ತು ಅದರ ಅಲಗು ಎಷ್ಟು ತೆಳುವಾಗಿದೆ. ಉಳಿದದ್ದೆಲ್ಲ ಆಮೇಲೆ.

[ಮೇಜಿನ ಮೇಲೆ ಐದು ಚಾಕುಗಳು, ಎಲ್ಲವೂ ತೆರೆದಿವೆ]

ಎಡಗಡೆಯಿಂದ ಶುರು ಮಾಡೋಣ. ಇದು ಲಾಕ್ ಇಲ್ಲದ ಚಾಕು. ಇದನ್ನು ಸ್ಲಿಪ್‌ಜಾಯಿಂಟ್ ಅನ್ನುತ್ತಾರೆ. ಹಿಡಿಯ ಬೆನ್ನಿನಲ್ಲಿ ಒಂದು ಉದ್ದನೆಯ ಸ್ಪ್ರಿಂಗ್ ಪಟ್ಟಿ ಇದೆ. ಅದು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಬೀಗ ಹಾಕುವುದಿಲ್ಲ, ಬರೀ ಒತ್ತಿ ಹಿಡಿಯುತ್ತದೆ. ಕೆಂಪು ಹಿಡಿಯ ಸ್ವಿಸ್ ಚಾಕು ನೋಡಿರುತ್ತೀರಿ. ಕಾರ್ಲ್ ಎಲ್ಸೆನರ್ 1897ರಲ್ಲಿ ಹಕ್ಕು ಪಡೆದುಕೊಂಡ ವಿನ್ಯಾಸದಿಂದ ಬಂದದ್ದು ಅದು. ಇವತ್ತು ಅವರ ಕಂಪನಿ ವಿಕ್ಟೋರಿನಾಕ್ಸ್ ಮಾಡುವ ಜೇಬಿನ ಅಳತೆಯ ಮಾದರಿಗಳಲ್ಲಿ ಹೆಚ್ಚಿನವು ಈಗಲೂ ಹೀಗೇ ಕೆಲಸ ಮಾಡುತ್ತವೆ.

ಲಾಕ್ ಇಲ್ಲ ಅಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಹಣ್ಣು ಹೆಚ್ಚುವಾಗ, ದಾರ ಕತ್ತರಿಸುವಾಗ ಒತ್ತಡ ಬೀಳುವುದು ಅಲಗಿನ ಬಾಯಿಯ ಮೇಲೆ. ಆ ಒತ್ತಡ ಅಲಗನ್ನು ತೆರೆಯುವ ಕಡೆಗೇ ತಳ್ಳುತ್ತದೆ. ತೊಂದರೆ ಬರುವುದು ಎರಡೇ ಕಡೆ. ಒಂದು, ಮೊನೆಯಿಂದ ಚುಚ್ಚುವಾಗ. ಇನ್ನೊಂದು, ರಟ್ಟಿನಲ್ಲಿ ಸಿಕ್ಕಿಕೊಂಡ ಅಲಗನ್ನು ಬೆನ್ನಿನ ಕಡೆಗೆ ಎಳೆಯುವಾಗ. ಈ ಎರಡನ್ನೂ ಮಾಡದಿದ್ದರೆ ಸ್ಲಿಪ್‌ಜಾಯಿಂಟ್ ಚಾಕು ವರ್ಷಗಟ್ಟಲೆ ನೆಮ್ಮದಿಯಾಗಿ ಕೆಲಸ ಮಾಡುತ್ತದೆ.

[ಮರದ ಹಿಡಿಯ ಚಾಕು ಕೈಗೆ]

ಇದು ನನಗೆ ತುಂಬಾ ಇಷ್ಟವಾದದ್ದು. ಫ್ರಾನ್ಸಿನ ಒಪಿನೆಲ್. ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕು. ಮೊದಲು ಇದಕ್ಕೂ ಲಾಕ್ ಇರಲಿಲ್ಲ. 1955ರಲ್ಲಿ ಕುತ್ತಿಗೆಯ ಹತ್ತಿರ ಈ ಉಕ್ಕಿನ ಉಂಗುರ ಬಂತು. ಅಲಗು ತೆರೆದು ಉಂಗುರ ತಿರುಗಿಸಿದರೆ ಸಾಕು, ಮಡಚುವ ದಾರಿಯೇ ಮುಚ್ಚಿಹೋಗುತ್ತದೆ. ಈಗಿನವುಗಳಲ್ಲಿ ಅಲಗು ಮುಚ್ಚಿದಾಗಲೂ ಉಂಗುರ ತಿರುಗಿಸಿ ಲಾಕ್ ಮಾಡಬಹುದು. ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳುವ ಭಯ ಇಲ್ಲ. ಮುಚ್ಚುವುದಕ್ಕೆ ಎರಡು ಕೈ ಬೇಕು, ಅದು ನಿಧಾನ. ಹೊಸಬರಿಗೆ ಆ ನಿಧಾನವೇ ಒಳ್ಳೆಯದು.

ಮೂರನೆಯದು ಬ್ಯಾಕ್ ಲಾಕ್. ಹಿಡಿಯ ಬೆನ್ನಿನ ಮೇಲಿರುವ ಪಟ್ಟಿಯನ್ನು ಒತ್ತಿದರೆ ಅಲಗು ಬಿಡುತ್ತದೆ. 1964ರಲ್ಲಿ ಮಾರುಕಟ್ಟೆಗೆ ಬಂದ ಬಕ್ 110 ಇದನ್ನು ತುಂಬಾ ಜನರ ಕೈಗೆ ತಲುಪಿಸಿತು. ಗಟ್ಟಿ ಚಾಕು. ಆದರೆ ತೂಕ ಸುಮಾರು 200 ಗ್ರಾಂ. ಒಪಿನೆಲ್‌ನ 8ನೇ ನಂಬರ್ ಚಾಕು ಸುಮಾರು 45 ಗ್ರಾಂ ಅಷ್ಟೇ. ಎರಡನ್ನೂ ಒಂದೊಂದು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ನಾಲ್ಕನೆಯದು ಲೈನರ್ ಲಾಕ್. ಈಗ ಅತಿ ಜಾಸ್ತಿ ಸಿಗುವುದು ಇದೇ. ಹಿಡಿಯ ಒಳಗಿರುವ ತೆಳು ಲೋಹದ ತಗಡು ಪಕ್ಕಕ್ಕೆ ಬಾಗಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಹಿಡಿಯ ಒಂದು ಬದಿಯೇ ಹೀಗೆ ಅಡ್ಡ ನಿಂತರೆ ಅದು ಫ್ರೇಮ್ ಲಾಕ್. ಇಲ್ಲಿ ಕ್ಯಾಮೆರಾ ಹತ್ತಿರ ಬರಲಿ.

[ಕ್ಲೋಸಪ್: ಹೆಬ್ಬೆರಳು ತಗಡನ್ನು ತಳ್ಳುತ್ತಿದೆ]

ಮುಚ್ಚುವಾಗ ಹೆಬ್ಬೆರಳು ಎಲ್ಲಿದೆ ನೋಡಿ. ಅಲಗು ಇಳಿದು ಬರುವ ದಾರಿಯಲ್ಲೇ ಇದೆ! ತಗಡನ್ನು ಪಕ್ಕಕ್ಕೆ ತಳ್ಳಿ, ಅಲಗನ್ನು ಅರ್ಧ ಇಳಿಸಿ, ಹೆಬ್ಬೆರಳನ್ನು ತೆಗೆದು, ಆಮೇಲೆ ಪೂರ್ತಿ ಮುಚ್ಚಬೇಕು. ಅಭ್ಯಾಸವಾದರೆ ಸುಲಭ. ಅಭ್ಯಾಸ ಆಗುವ ಮೊದಲ ವಾರದಲ್ಲಿ ಮೊಬೈಲ್ ನೋಡುತ್ತಾ ಮುಚ್ಚಬೇಡಿ. ಎಡಗೈಯವರಿಗೂ ಒಂದು ಮಾತು. ಈ ತಗಡನ್ನು ಸಾಮಾನ್ಯವಾಗಿ ಬಲಗೈ ಹೆಬ್ಬೆರಳಿಗೆ ಹೊಂದುವಂತೆ ಕೂರಿಸಿರುತ್ತಾರೆ. ನಿಮ್ಮ ಕೈಯಲ್ಲಿ ಮುಚ್ಚಿ ನೋಡದೆ ಇದನ್ನು ಕೊಳ್ಳಬೇಡಿ.

ಐದನೆಯದು ಅಡ್ಡಕಡ್ಡಿಯ ಲಾಕ್. ಬೆಂಚ್‌ಮೇಡ್ ಕಂಪನಿ 1998ರಲ್ಲಿ ಆಕ್ಸಿಸ್ ಅನ್ನುವ ಹೆಸರಲ್ಲಿ ತಂದದ್ದು. ಈಗ ಬೇರೆಯವರೂ ಈ ಬಗೆಯದನ್ನು ಮಾಡುತ್ತಾರೆ. ಅಲಗಿನ ಬುಡಕ್ಕೆ ಅಡ್ಡ ನಿಲ್ಲುವ ಕಡ್ಡಿಗೆ ಎರಡೂ ಬದಿಯಲ್ಲಿ ಸಣ್ಣ ಗುಂಡಿ ಇದೆ. ಅದನ್ನು ಹಿಂದಕ್ಕೆ ಎಳೆದರೆ ಅಲಗು ಬಿಡುತ್ತದೆ. ಯಾವ ಬೆರಳೂ ಅಲಗಿನ ದಾರಿಗೆ ಬರುವುದಿಲ್ಲ. ಯಾವ ಕೈಯಾದರೂ ಆಗುತ್ತದೆ. ಒಂದೇ ಕೈಯಲ್ಲಿ ತೆರೆದು ಮುಚ್ಚುವ ಚಾಕು ಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಯಾವ ಲಾಕ್ ಆದರೂ ಕೊಳ್ಳುವ ಮೊದಲು ಇದೊಂದು ಮಾಡಿ. ಅಲಗು ತೆರೆಯಿರಿ. ಬೆರಳುಗಳನ್ನು ಮಡಚುವ ದಾರಿಯಿಂದ ಆಚೆ ಇಟ್ಟು, ಹಿಡಿಯನ್ನು ಎರಡು ಪಕ್ಕದಿಂದ ಹಿಡಿಯಿರಿ. ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ. ಹೊಡೆಯುವುದು ಬೇಡ, ಒತ್ತಿದರೆ ಸಾಕು. ಅಲಗು ಸ್ವಲ್ಪವಾದರೂ ಮಡಚಿಕೊಂಡರೆ ಆ ಚಾಕು ಬಿಟ್ಟುಬಿಡಿ. ಆಮೇಲೆ ಅಲಗನ್ನು ಆ ಕಡೆ ಈ ಕಡೆ ಅಲ್ಲಾಡಿಸಿ. ಪಕ್ಕಕ್ಕೆ ಒಂಚೂರು ಅಲುಗಿದರೆ ಅಲಗು ತಿರುಗುವ ಜಾಗದ ಸ್ಕ್ರೂ ಬಿಗಿ ಮಾಡಿದರೆ ಸರಿಹೋಗಬಹುದು. ಮೇಲೆ ಕೆಳಗೆ ಅಲುಗಿದರೆ ಲಾಕ್ ಸರಿಯಾಗಿ ಕೂರುತ್ತಿಲ್ಲ ಅಂತಲೇ ತಿಳಿಯಿರಿ.

[ಒಂದು ಸೇಬು, ಎರಡು ಚಾಕು]

ಈಗ ಅಲಗಿನ ವಿಷಯ. ಈ ಎರಡು ಚಾಕುಗಳಿಗೂ ಇವತ್ತು ಬೆಳಿಗ್ಗೆ ನಾನೇ ಸಾಣೆ ಹಿಡಿದಿದ್ದೇನೆ. ಎರಡೂ ಕಾಗದವನ್ನು ಸರಾಗವಾಗಿ ಕತ್ತರಿಸುತ್ತವೆ. ಈಗ ಸೇಬು. ಮೊದಲನೆಯ ಚಾಕು ಸುಮ್ನೆ ಇಳಿದುಹೋಯಿತು. ಎರಡನೆಯದು ಅರ್ಧಕ್ಕೆ ಬಂದು ಕಟ್ ಅಂತ ಸೇಬನ್ನು ಸೀಳಿತು. ಅದು ಕತ್ತರಿಸಲಿಲ್ಲ, ಬೆಣೆಯ ಹಾಗೆ ಒಡೆಯಿತು. ಏಕೆಂದರೆ ಅದರ ಬೆನ್ನು ಸುಮಾರು 4 ಮಿಲಿಮೀಟರ್ ದಪ್ಪ. ಮೊದಲನೆಯದರ ಬೆನ್ನು 2 ಮಿಲಿಮೀಟರಿಗಿಂತ ಕಡಿಮೆ.

ಹರಿತ ಬೇರೆ, ತೆಳು ಬೇರೆ. ದಪ್ಪ ಅಲಗಿಗೂ ಹರಿತವಾದ ಬಾಯಿ ಇರಬಹುದು. ಆದರೆ ಬಾಯಿ ಒಳಗೆ ಹೋದ ಮೇಲೆ ಹಿಂದೆ ಬರುವ ದಪ್ಪ ತಡೆಯುತ್ತದೆ. ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲೂ ಹೀಗೇ ಆಗುತ್ತದೆ. ಆಗ ನಾವು ಜಾಸ್ತಿ ಬಲ ಹಾಕುತ್ತೇವೆ. ಜಾಸ್ತಿ ಬಲ ಹಾಕಿದಾಗಲೇ ಕೈ ಜಾರುವುದು. ದಪ್ಪ ಅಲಗು ಸುಲಭವಾಗಿ ಮುರಿಯುವುದಿಲ್ಲ ಅನ್ನುವುದು ನಿಜ. ಆದರೆ ನಾವು ಜೇಬಿನ ಚಾಕುವಿನಿಂದ ಮೀಟುವುದಿಲ್ಲವಲ್ಲ? ಮೀಟುವುದಕ್ಕೆ ಸ್ಕ್ರೂಡ್ರೈವರ್ ಇದೆ. ದಿನದ ಕೆಲಸಕ್ಕೆ ಬೆನ್ನು 2ರಿಂದ 3 ಮಿಲಿಮೀಟರ್ ಇದ್ದರೆ ಬೇಕಾದಷ್ಟಾಯಿತು. ಉದ್ದ 6ರಿಂದ 8 ಸೆಂಟಿಮೀಟರ್.

ಅಲಗಿನ ಆಕಾರದ ಬಗ್ಗೆ ತುಂಬಾ ಹೇಳುವುದಿಲ್ಲ. ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿಯುವ ಸಾದಾ ಅಲಗು ಎಲ್ಲ ಕೆಲಸಕ್ಕೂ ಆಗುತ್ತದೆ. ಗರಗಸದಂಥ ಹಲ್ಲಿರುವ ಅಲಗು ಹಗ್ಗಕ್ಕೆ ಒಳ್ಳೆಯದು, ಆದರೆ ಮನೆಯಲ್ಲಿ ಸಾಣೆ ಹಿಡಿಯುವುದು ಕಷ್ಟ.

ಉಕ್ಕು. ಇದರ ಮೇಲೆ ಜನ ದಿನಗಟ್ಟಲೆ ವಾದ ಮಾಡುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ಬಳಸಿದ ಮೇಲೆ ಒರೆಸಿ ಇಡುವ ಅಭ್ಯಾಸ ನಿಮಗಿದೆಯಾ? ಇದ್ದರೆ ಕಾರ್ಬನ್ ಉಕ್ಕು ತೆಗೆದುಕೊಳ್ಳಬಹುದು. ಸಾಣೆಗೆ ಬೇಗ ಬಗ್ಗುತ್ತದೆ, ಹಣ್ಣಿನ ಹುಳಿ ತಾಗಿ ಬರುಬರುತ್ತಾ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ತುಕ್ಕಲ್ಲ, ಅದನ್ನು ಉಜ್ಜಿ ತೆಗೆಯಬೇಡಿ. ಒರೆಸುವ ಅಭ್ಯಾಸ ಇಲ್ಲದಿದ್ದರೆ ಸ್ಟೇನ್‌ಲೆಸ್. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ಚಾಕುಗಳಲ್ಲಿ ಸಾಮಾನ್ಯವಾಗಿ ಶೇಕಡಾ 13ರ ಆಸುಪಾಸು ಇರುತ್ತದೆ. ಹಾಗಂತ ಅದಕ್ಕೆ ತುಕ್ಕು ಬರುವುದೇ ಇಲ್ಲ ಅಂತಲ್ಲ. ಉಪ್ಪುನೀರಿನಲ್ಲಿ ಬಿಟ್ಟರೆ ಬರುತ್ತದೆ.

ಕೆಲವು ಚಾಕುಗಳ ಪೆಟ್ಟಿಗೆಯ ಮೇಲೆ ಎಚ್‌ಆರ್‌ಸಿ ಅಂತ ಒಂದು ಅಂಕಿ ಇರುತ್ತದೆ. ಅದು ಗಡಸುತನದ ಅಳತೆ. ಜೇಬಿನ ಚಾಕುಗಳಲ್ಲಿ ಹೆಚ್ಚಾಗಿ 56ರಿಂದ 61ರ ಒಳಗೆ ಇರುತ್ತದೆ. ಕಡಿಮೆ ಅಂಕಿಯ ಅಲಗು ಬೇಗ ಮೊಂಡಾಗುತ್ತದೆ, ಬೇಗ ಹರಿತವೂ ಆಗುತ್ತದೆ. ಜಾಸ್ತಿ ಅಂಕಿಯದು ಹರಿತವನ್ನು ತುಂಬಾ ದಿನ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಸಾಣೆಗೆ ಸುಲಭವಾಗಿ ಬಗ್ಗುವುದಿಲ್ಲ, ಬಾಯಿ ಚಕ್ಕೆ ಏಳುವುದೂ ಉಂಟು. ಮೊದಲ ಚಾಕುವಿಗೆ ನಾನು ಮೆತ್ತನೆಯ ಉಕ್ಕನ್ನೇ ಹೇಳುತ್ತೇನೆ. ಅದರ ಮೇಲೆ ಸಾಣೆ ಹಿಡಿಯುವುದನ್ನು ಕಲಿಯಬಹುದು. ಒಂದು ಸಾಣೆ ಕಲ್ಲು ಸಾಕು, 1000 ಗ್ರಿಟ್ ಹತ್ತಿರದ್ದು (ಗ್ರಿಟ್ ಅಂದರೆ ಕಲ್ಲಿನ ಕಣ ಎಷ್ಟು ಸಣ್ಣದು ಅನ್ನುವ ಅಂಕಿ). ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಓರೆಯಾಗಿ ಹಿಡಿದು, ಎರಡೂ ಕಡೆ ಒಂದೇ ಸಮ ಉಜ್ಜಬೇಕು.

[ಪ್ಯಾಂಟಿನ ಜೇಬು, ಕ್ಲಿಪ್ ಕಾಣುತ್ತಿದೆ]

ಕ್ಲಿಪ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. 1981ರಲ್ಲಿ ಸ್ಪೈಡರ್ಕೊ ಕಂಪನಿ ಹೆಬ್ಬೆರಳಿಗೆ ಸಿಗುವ ಹಾಗೆ ಅಲಗಿನಲ್ಲೇ ದುಂಡು ತೂತು ಕೊರೆದು, ಹಿಡಿಗೆ ಕ್ಲಿಪ್ ಹಾಕಿದ ಚಾಕು ತಂದಿತು. ಈಗ ಎಲ್ಲೆಲ್ಲೂ ಕ್ಲಿಪ್. ಚಾಕು ಜೇಬಿನ ತಳಕ್ಕೆ ಹೋಗಿ ಬೀಗದ ಕೈಗಳ ಜೊತೆ ಉಜ್ಜುವುದು ತಪ್ಪಿತು. ಆದರೆ ಬಿಗಿಯಾಗಿ ಹಿಡಿದು ಹತ್ತು ನಿಮಿಷ ರಟ್ಟು ಕತ್ತರಿಸಿ ನೋಡಿ. ಕೆಲವು ಕ್ಲಿಪ್‌ಗಳು ಅಂಗೈಗೆ ಒತ್ತಿ ನೋವು ಮಾಡುತ್ತವೆ. ಅಂಥದ್ದಾದರೆ ಸ್ಕ್ರೂ ಬಿಚ್ಚಿ ತೆಗೆದುಬಿಡಿ.

ಕೊನೆಗೆ ಕಾನೂನು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಕಾರಣ ಕೊಡದೆ ಇಟ್ಟುಕೊಳ್ಳಬಹುದಾದ ಮಡಚುವ ಚಾಕುವಿಗೆ ಲಾಕ್ ಇರಬಾರದು, ಬಾಯಿಯ ಉದ್ದ 3 ಇಂಚು ಮೀರಬಾರದು. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆಯುವ, ಲಾಕ್ ಆಗುವ ಚಾಕುವನ್ನು ಸರಿಯಾದ ಕಾರಣ ಇಲ್ಲದೆ ಇಟ್ಟುಕೊಂಡು ಓಡಾಡುವಂತಿಲ್ಲ. ಅಂದರೆ ಕೆಲವು ಕಡೆ ಸ್ಲಿಪ್‌ಜಾಯಿಂಟ್ ಒಂದೇ ದಾರಿ. ನೀವಿರುವ ಕಡೆಯ ನಿಯಮ ನೋಡಿಕೊಂಡೇ ಕೊಳ್ಳಿ. ಶಾಲೆ, ನ್ಯಾಯಾಲಯದಂಥ ಕಡೆಗೆ ಒಯ್ಯಬೇಡಿ. ವಿಮಾನ ಹತ್ತುವ ದಿನ ಜೇಬು, ಕೈಚೀಲ, ಕೀ ಗೊಂಚಲು ಎಲ್ಲ ಒಮ್ಮೆ ತಡವಿ ನೋಡಿ. ಚಾಕುವನ್ನು ಲಗೇಜಿಗೆ ಹಾಕಿ ಕಳಿಸಿ, ಇಲ್ಲವೇ ಮನೆಯಲ್ಲೇ ಬಿಡಿ.

[ಮೇಜಿನ ಮೇಲಿನ ಚಾಕುಗಳನ್ನು ಒಂದೊಂದಾಗಿ ಮುಚ್ಚುತ್ತಾ]

ಮುಂದಿನ ವಿಡಿಯೋದಲ್ಲಿ ಈ ದಪ್ಪ ಅಲಗಿನ ಚಾಕುವನ್ನೇ ಕಲ್ಲಿನ ಮೇಲಿಟ್ಟು ಸಾಣೆ ಹಿಡಿಯುವುದನ್ನು ಮೊದಲಿನಿಂದ ತೋರಿಸುತ್ತೇನೆ. ನಿಮ್ಮ ಹತ್ತಿರ ಇರುವ ಚಾಕುವಿನ ಲಾಕ್ ಯಾವುದು ಅಂತ ಗೊತ್ತಾಗದಿದ್ದರೆ ಕೆಳಗೆ ಬರೆಯಿರಿ. ಹಿಡಿಯ ಒಳಗೆ ಏನು ಕಾಣುತ್ತದೆ, ಮುಚ್ಚಲು ಏನು ಒತ್ತುತ್ತೀರಿ ಅಂತ ಹೇಳಿದರೆ ಸಾಕು, ಉತ್ತರ ಕೊಡುತ್ತೇನೆ.