ಹೆಗಲಿಗೆ ಹಬ್ಬದ ದಿನ ಗೊತ್ತಿಲ್ಲ

ಕಳೆದ ಕೈಲ್‌ಪೊಳ್ದಿನಂದು, ಅಂದರೆ ಕೊಡವರ ಆಯುಧಪೂಜೆಯ ಹಬ್ಬದಂದು, ನಮ್ಮ ಐನ್‌ಮನೆಯ (ಮನೆತನದ ಮೂಲಮನೆಯ) ಗದ್ದೆಯಂಚಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆದಿತ್ತು. ಚಿಕ್ಕಪ್ಪ ಕೋವಿಯನ್ನು ನನ್ನತ್ತ ಚಾಚಿ, "ಒಂದೇ ಒಂದು ಗುಂಡು, ಹೊಡೆ" ಎಂದರು. ನನ್ನ ಬಲ ಹೆಗಲಿನ ಶಸ್ತ್ರಚಿಕಿತ್ಸೆಯಾಗಿ ಆಗ 13 ವಾರ. ನೋವು ಚೂರೂ ಇರಲಿಲ್ಲ. ಕೋವಿಯ ಹಿಂಬಡಿ ಆನಿಸಿಕೊಳ್ಳುವ ಜಾಗ ಮಾತ್ರ ಅದೇ ಹೆಗಲು. ಬೇಡ ಎಂದೆ. ಊಟಕ್ಕೆ ಕುಳಿತಾಗ ಕಡಂಬುಟ್ಟಿನ ಜೊತೆಗೆ ಕುಹಕವನ್ನೂ ಬಡಿಸಿದರು: "ಮೂರು ತೂತಿನ ಆಪರೇಷನ್ನಿಗೆ ಮೂರು ತಿಂಗಳು ರಜೆಯೇ?"

ಈ ಮೂರು ತೂತಿನ ಮಾತಿನಿಂದಲೇ ಶುರು ಮಾಡುತ್ತೇನೆ. ಆರ್ತ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಯಿಸಿ ಮಾಡುವ ಕೀಲಿನ ಶಸ್ತ್ರಚಿಕಿತ್ಸೆಯಲ್ಲಿ, ಚರ್ಮದ ಮೇಲೆ ಉಳಿಯುವುದು ಬೆರಳುಗುರಿನಷ್ಟು ಗಾಯಗಳು. ಒಳಗಿನ ಕೆಲಸ ಅಷ್ಟು ಸಣ್ಣದಲ್ಲ. ತೋಳಿನ ಮೂಳೆಯ ಗುಂಡುತಲೆಯನ್ನು ಅದರ ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪಿಗೆ ರೋಟೇಟರ್ ಕಫ್ ಎಂದು ಹೆಸರು. ನನ್ನಲ್ಲಿ ಹರಿದಿದ್ದು ಅವುಗಳಲ್ಲಿ ಒಂದರ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಹುರಿ. ವೈದ್ಯರು ಮೂಳೆಯಲ್ಲಿ ಪುಟ್ಟ ಮೊಳೆಗಳಂಥ ಆ್ಯಂಕರ್‌ಗಳನ್ನು ಕೂರಿಸಿ, ಹರಿದ ತುದಿಯನ್ನು ದಾರದಿಂದ ಮೂಳೆಗೆ ಬಿಗಿದರು. ದಾರ ತಾತ್ಕಾಲಿಕ. ನಾಟಿ ಮಾಡಿದ ಪೈರು ಮರುದಿನವೂ ನೆಟ್ಟಗೆ ನಿಂತಿರುತ್ತದೆ, ಬೇರು ಹಿಡಿದಿರುವುದಿಲ್ಲ. ಹಾಗೆಯೇ ರಜ್ಜು ಮೂಳೆಯನ್ನು ಹಿಡಿದುಕೊಳ್ಳಲು ತಿಂಗಳುಗಳು ಬೇಕು. ನೋವು ಅದಕ್ಕೆ ಎಷ್ಟೋ ಮೊದಲೇ ಹೊರಟುಹೋಗುತ್ತದೆ. ಹೊಲಿದ ರಜ್ಜು ಮತ್ತೆ ಹರಿಯುವುದಿದ್ದರೆ ಬಹುಪಾಲು ಮೊದಲ ಆರು ತಿಂಗಳೊಳಗೇ ಹರಿಯುತ್ತದೆ, ಕೆಲವೊಮ್ಮೆ ಸದ್ದಿಲ್ಲದೆ, ನೋವಿಲ್ಲದೆ. ಹಾಗಾಗಿ "ಈಗ ನೋಯುವುದಿಲ್ಲ, ಆಡಬಹುದು" ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಆ ಮಾತನ್ನು ಮೊದಲು ಹೇಳಿದವನು ನಾನೇ ಎಂಬುದೂ ಆ ಸಿಟ್ಟಿನೊಳಗೆ ಸೇರಿದೆ.

ಕ್ರಿಕೆಟಿಗ ಶ್ರೇಯಸ್ ಅಯ್ಯರ್ ಉದಾಹರಣೆಯನ್ನು ನನಗೆ ಕೊಡದವರಿಲ್ಲ. 2021ರ ಮಾರ್ಚಿನಲ್ಲಿ ಪುಣೆಯಲ್ಲಿ ಫೀಲ್ಡಿಂಗ್ ಮಾಡುವಾಗ ಅವರ ಭುಜದ ಕೀಲು ತಪ್ಪಿತು. ಏಪ್ರಿಲಿನಲ್ಲಿ ಶಸ್ತ್ರಚಿಕಿತ್ಸೆ, ಸೆಪ್ಟೆಂಬರಿನಲ್ಲಿ ಮತ್ತೆ ಐಪಿಎಲ್. ನಿಜ. ಅವರದು ಕೀಲು ತಪ್ಪಿದ ಭುಜ, ನನ್ನದು ಹರಿದ ರಜ್ಜು. ಎರಡರ ದಾರಿಯೂ ಬೇರೆ. ಅವರಿಗೆ ಆಗ 26 ವರ್ಷ, ಭುಜವನ್ನು ಸರಿಪಡಿಸಿಕೊಳ್ಳುವುದೇ ಅವರ ಉದ್ಯೋಗ. ನನಗೆ 44, ನಡುವೆ ಕಾಫಿಗೆ ಗೊಬ್ಬರ ಹಾಕಿಸಬೇಕು. ಇಷ್ಟಾಗಿಯೂ ಅವರು ಐದು ತಿಂಗಳು ಕಾದರು ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಮೊದಲ ಆರು ವಾರ ತೋಳು ಜೋಳಿಗೆಯಲ್ಲಿತ್ತು, ಅದೂ ಜೂನ್-ಜುಲೈನ ಮಳೆಯಲ್ಲಿ. ಒಣಗದ ಅಂಗಿ, ಎಡಗೈಯಲ್ಲಿ ಕೊಡೆ, ರಾತ್ರಿಯೆಲ್ಲ ಆರಾಮಕುರ್ಚಿಯಲ್ಲಿ ಒರಗಿ ನಿದ್ದೆ. ಆ ಕಥೆ ಸಾಕು.

ನಾನು ಹೇಳಬೇಕೆಂದಿರುವುದು ಬೇರೆ. ಆಸ್ಪತ್ರೆಯಿಂದ ಕೊಟ್ಟ ಹಾಳೆಯಲ್ಲಿ ಈಜು, ಟೆನಿಸ್, ಜಿಮ್ ಎಂದೆಲ್ಲ ಬರೆದಿತ್ತು. ಕೊಡಗಿನ ಹೆಗಲಿನ ನಿಜವಾದ ಆಟಗಳು ಅದರಲ್ಲಿ ಇರಲೇ ಇಲ್ಲ. ಏಣಿಯ ತುದಿಯಲ್ಲಿ ನಿಂತು, ತಲೆಯ ಮೇಲೆ ಕೈ ಚಾಚಿ ಕರಿಮೆಣಸು ಕೊಯ್ಯುವುದು. ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಜೀಪನ್ನು ತೋಟದ ತಿರುವಿನಲ್ಲಿ ತಿರುಗಿಸುವುದು. ಕಾಫಿ ಚೀಲವನ್ನು ಎತ್ತಿ ಹೆಗಲಿಗೇರಿಸುವುದು. ಇವನ್ನು ಯಾರೂ ವ್ಯಾಯಾಮವೆಂದು ಲೆಕ್ಕ ಹಾಕುವುದಿಲ್ಲ, ಹಾಗಾಗಿ ವೈದ್ಯರನ್ನು ಕೇಳುವುದೂ ಇಲ್ಲ. ಹಾಕಿ ಕೋಲನ್ನು ಮುಟ್ಟದೆ ಕಾಯುವವರೇ ಮನೆಯಲ್ಲಿ ಚೀಲ ಎತ್ತಿಬಿಡುತ್ತಾರೆ. ಫಿಸಿಯೋಥೆರಪಿ ಮಾಡಿಸುವ ಹುಡುಗಿಗೆ ಮೆಣಸಿನ ಏಣಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅವಳು ಚಿತ್ರ ನೋಡಿ, ನನ್ನ ಮುಖ ನೋಡಿ, ಇಡೀ ಪಟ್ಟಿಯನ್ನು ಹೊಸದಾಗಿ ಬರೆದಳು. ಏಣಿ ಎಲ್ಲಕ್ಕಿಂತ ಕೊನೆಗೆ ಹೋಯಿತು, ಹಾಕಿಗಿಂತಲೂ ಆಮೇಲೆ.

ಹಾಕಿಯ ಒತ್ತಡವೂ ಸಣ್ಣದಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ, ಕುಟುಂಬಗಳೇ ತಂಡಗಳಾಗಿ ಆಡುವ ಕೊಡವ ಹಾಕಿ ಉತ್ಸವಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಬಂದಿದ್ದವು. ನಮ್ಮದು ಸಣ್ಣ ಒಕ್ಕ (ಮನೆತನ). ಹನ್ನೊಂದು ಜನರನ್ನು ಕೂಡಿಸುವಷ್ಟರಲ್ಲಿ ಅಜ್ಜನಿಗೂ ಮೊಮ್ಮಗಳಿಗೂ ಜೆರ್ಸಿ ಹೊಲಿಸಬೇಕಾಗುತ್ತದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಾನು ಬಿದ್ದು ರಜ್ಜು ಹರಿದುಕೊಂಡದ್ದೂ ಅಂಥದೇ ಒಂದು ಪಂದ್ಯದಲ್ಲಿ. ಹಾಕಿಯಲ್ಲಿ ನನಗೆ ಭಯವಿರುವುದು ಹೊಡೆತದ ಬಗ್ಗೆಯಲ್ಲ, ಬೀಳುವುದರ ಬಗ್ಗೆ. ಬೀಳುವಾಗ ಕೈ ತಾನಾಗಿ ಮುಂದೆ ಚಾಚುತ್ತದೆ, ಹೆಗಲನ್ನು ಕೇಳಿ ಚಾಚುವುದಿಲ್ಲ.

ಈಗ ಎಂಟು ತಿಂಗಳಾಗಿದೆ. ನಡಿಗೆಯನ್ನು, ಕಾಲಿನ ವ್ಯಾಯಾಮವನ್ನು ಮೊದಲ ತಿಂಗಳಿನಿಂದಲೇ ಬಿಟ್ಟಿಲ್ಲ. ಮೂರು ತಿಂಗಳ ನಂತರ ರಬ್ಬರ್ ಬ್ಯಾಂಡ್ ಎಳೆಯತೊಡಗಿದೆ, ಬಳಿಕ ಒಂದು ಕಿಲೋ, ಎರಡು ಕಿಲೋ. ನಲವತ್ತು ದಾಟಿದ ಗಂಡಸಿಗೆ ಒಂದು ಕಿಲೋ ತೂಕ ಎತ್ತುವುದು ಎಷ್ಟು ಅವಮಾನ ಎಂಬುದನ್ನು ನಾನು ವಿವರಿಸಲಾರೆ. ಮಗಳು ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದ್ದಾಳೆ. ತಾರೀಖು ನೋಡಿ ಮೈದಾನಕ್ಕೆ ಇಳಿಯಬೇಡಿ ಎಂದು ವೈದ್ಯರು ಹೇಳಿದ್ದಾರೆ. ಕೈ ಎಲ್ಲ ದಿಕ್ಕಿಗೂ ಪೂರ್ತಿ ಹೋಗಬೇಕು, ರಾತ್ರಿ ನೋವು ಇರಬಾರದು, ಬಲಗೈಯ ಶಕ್ತಿ ಎಡಗೈಯ 90 ಶೇಕಡವನ್ನಾದರೂ ಮುಟ್ಟಬೇಕು. ಮೊದಲೆರಡು ಆಗಿವೆ. ಮೂರನೆಯದನ್ನು ಮುಂದಿನ ತಿಂಗಳು ಅಳೆಯುತ್ತಾರೆ.

ಹೊರಗೆ ತೋಟದಲ್ಲಿ ಮೆಣಸು ಕೊಯ್ಲು ನಡೆದಿದೆ. ನಾನು ಏಣಿಯ ಬುಡವನ್ನು ಎಡಗೈಯಲ್ಲಿ ಹಿಡಿದು ನಿಲ್ಲುವ ಕೆಲಸಕ್ಕೆ ಬಡ್ತಿ ಪಡೆದಿದ್ದೇನೆ. ಚಿಕ್ಕಪ್ಪ ಏಪ್ರಿಲಿನ ಹಾಕಿ ತಂಡದ ಪಟ್ಟಿಯಲ್ಲಿ ನನ್ನ ಹೆಸರನ್ನು ಆಗಲೇ ಸೇರಿಸಿದ್ದಾರಂತೆ. ಪೆನ್ಸಿಲಿನಲ್ಲಿ ಬರೆಯಿರಿ ಎಂದು ಹೇಳಿ ಕಳಿಸಿದ್ದೇನೆ.