ಸಿಂಗಾಪುರದಲ್ಲಿ ರೂಮ್ ಎಲ್ಲಿ ಹಿಡಿಯೋಣ? ಅವ್ವ, ಮೊಣಕಾಲು ಮತ್ತು 32 ಟೈಲ್ಸ್

ನಮಸ್ಕಾರ ಎಲ್ಲರಿಗೂ. ಇದು ಹುಬ್ಬಳ್ಳಿ, ವಿದ್ಯಾನಗರ, ನಮ್ಮ ಮನೆಯ ಹಾಲ್. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುತ್ತಿರುವುದು ನಾನೇ. ಹಬ್ಬ ಏನಿಲ್ಲ. ಇದು ಸಿಂಗಾಪುರದ ಹೋಟೆಲ್ ರೂಮ್.

ಬುಕ್ಕಿಂಗ್ ಆ್ಯಪ್‌ನಲ್ಲಿ ರೂಮಿನ ಅಳತೆ ಎಲ್ಲೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. 12 ಚದರ ಮೀಟರ್. ಹಾಗಂದರೆ ಎಷ್ಟು ಅಂತ ಕಣ್ಣಿಗೆ ಕಟ್ಟುವುದಿಲ್ಲ, ಅಲ್ವಾ? 130 ಚದರ ಅಡಿಗೆ ಒಂದು ಚೂರು ಕಡಿಮೆ. ನಮ್ಮ ಟೈಲ್ಸ್ ಎರಡಡಿಗೆ ಎರಡಡಿ. ಉದ್ದಕ್ಕೆ 8, ಅಗಲಕ್ಕೆ 4, ಒಟ್ಟು 32 ಟೈಲ್ಸ್. ಮಂಚ, ಬಾತ್‌ರೂಮ್, ಸೂಟ್‌ಕೇಸ್ ಎಲ್ಲ ಈ ಗೆರೆಯೊಳಗೇ ಕೂರಬೇಕು. ಸೂಟ್‌ಕೇಸ್ ತೆರೆದು ಇಟ್ಟಿದ್ದೇನೆ, ನೋಡಿ. ಮಗಳು ಬಾಗಿಲಿನಿಂದ ಮಂಚದ ತನಕ ಬರಬೇಕಾದರೆ ಅದನ್ನು ದಾಟಿಯೇ ಬರಬೇಕು. ಅವ್ವ ಕುರ್ಚಿ ತಂದು ನಡುವೆ ಕೂತಳು. "ಇಷ್ಟರಾಗ ಮೂರ ಮಂದಿ ಮಲಗೂದೇನವಾ?" ಅಂತ ಕೇಳಿದಳು. ಅಲ್ಲಿಗೆ 12 ಚದರ ಮೀಟರಿನ ರೂಮುಗಳೆಲ್ಲ ಪಟ್ಟಿಯಿಂದ ಹೊರಗೆ ಹೋದವು.

ಮೂವರು ಅಂದರೆ ನಾನು, ಅವ್ವ, ಮಗಳು. ನಮ್ಮ ಮನೆಯವರಿಗೆ ರಜೆ ಇಲ್ಲ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆ್ಯಪ್‌ನಲ್ಲಿ ಇಬ್ಬರು ಅಂತ ಹಾಕಿ ಬುಕ್ ಮಾಡಿ, ಮೂರನೆಯವರನ್ನು ಸುಮ್ನೆ ಕರೆದುಕೊಂಡು ಹೋಗುವುದು ಅಲ್ಲಿ ನಡೆಯುವುದಿಲ್ಲ. ರೂಮಿಗೆ ಎಷ್ಟು ಜನ ಅಂತ ಬರೆದಿದೆಯೋ ಅಷ್ಟೇ. ಮಕ್ಕಳ ವಯಸ್ಸನ್ನೂ ಹಾಕಿಯೇ ಹುಡುಕಿ. ಆಗ ದರವೂ ಬೇರೆ, ರೂಮುಗಳೂ ಬೇರೆ ಬರುತ್ತವೆ.

ಈಗ ಸ್ಕ್ರೀನ್ ನೋಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕಂದರೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಪಟ್ಟಿಯಲ್ಲಿ ಈ ರೂಮಿಗೆ ತೋರಿಸಿದ್ದು ರಾತ್ರಿಗೆ 150 ಸಿಂಗಾಪುರ ಡಾಲರ್. ಡಾಲರಿಗೆ 70 ರೂಪಾಯಿ ಹಿಡಿದರೆ 10,500. ಸರಿ, ಆ ಊರಿನಲ್ಲಿ ಮೂವರ ರೂಮಿಗೆ ಅಷ್ಟಾಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಹೆಸರು, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ, ಮೂವರದ್ದೂ ತುಂಬಿದೆ. ಫೋನ್ ನಂಬರ್ ಹಾಕಿದೆ. ಕೊನೆಯ ಪುಟಕ್ಕೆ ಬಂದರೆ 179 ಡಾಲರ್ 85 ಸೆಂಟ್!

ಮೊದಲ ಪುಟದಲ್ಲಿ ದರದ ಪಕ್ಕ ಎರಡು ಸಣ್ಣ ಪ್ಲಸ್ ಗುರುತು ಇದ್ದವು. ಅವೇ ಇವು. ಮೊದಲನೇ ಪ್ಲಸ್ ಸರ್ವಿಸ್ ಚಾರ್ಜ್, ಶೇಕಡಾ 10. ಎರಡನೆಯದು ಅಲ್ಲಿನ ಜಿಎಸ್‌ಟಿ. 2024ರ ಜನವರಿಯಿಂದ ಅದು ಶೇಕಡಾ 9 ಆಗಿದೆ. ಎರಡೂ ಸೇರಿ 19 ತಾನೇ ಅಂತ ನೀವು ಲೆಕ್ಕ ಹಾಕಬಹುದು. ಅಲ್ಲ. ಸರ್ವಿಸ್ ಚಾರ್ಜ್ ಸೇರಿಸಿದ ಮೇಲೆ, ಆ ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ. 150ಕ್ಕೆ 15 ಸೇರಿದರೆ 165. 165ರ ಮೇಲೆ ಶೇಕಡಾ 9 ಅಂದರೆ 14 ಡಾಲರ್ 85 ಸೆಂಟ್. ರಾತ್ರಿಗೆ ಎರಡು ಸಾವಿರ ರೂಪಾಯಿ ಮೇಲೆ ಹೆಚ್ಚಾಯಿತು. ಪ್ರತಿ ರಾತ್ರಿ!

ಇಲ್ಲಿಗೆ ಮುಗಿಯಲಿಲ್ಲ. ನಮ್ಮ ಕಾರ್ಡ್‌ನಲ್ಲಿ ಡಾಲರ್ ಕೊಟ್ಟರೆ ಬ್ಯಾಂಕಿನವರು ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ವ್ಯವಹಾರಕ್ಕೆ ಹೆಚ್ಚುವರಿ ಶುಲ್ಕ, ಹಿಡಿಯುತ್ತಾರೆ. ನನ್ನ ಕಾರ್ಡಿಗೆ ಅದು ಶೇಕಡಾ ಮೂರೂವರೆ. ಆ ಮಾರ್ಕಪ್ ಮೇಲೆ ನಮ್ಮ ದೇಶದ ಜಿಎಸ್‌ಟಿ ಶೇಕಡಾ 18. ಸುಮಾರು 520 ರೂಪಾಯಿ ಮತ್ತೆ ಹೋಯಿತು. 10,500 ಅಂತ ನೋಡಿದ ರೂಮ್ 13,100 ದಾಟಿತು. ತೆರಿಗೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ಮೊದಲ ಪುಟದಲ್ಲೇ ತೋರಿಸಲಿಕ್ಕೆ ಏನು ಕಷ್ಟ? ಜನ ಹತ್ತು ಹೋಟೆಲ್ ಹೋಲಿಸಿ ನೋಡುವುದು ಆ ಮೊದಲ ಪುಟದಲ್ಲೇ. ಒಬ್ಬರು ತೆರಿಗೆ ಸೇರಿಸಿ ತೋರಿಸುತ್ತಾರೆ, ಇನ್ನೊಬ್ಬರು ಬಿಟ್ಟು ತೋರಿಸುತ್ತಾರೆ. ಪ್ರಾಮಾಣಿಕವಾಗಿ ತೋರಿಸಿದವರೇ ದುಬಾರಿ ಅಂತ ಕಾಣುತ್ತಾರೆ. ಇದು ಸರಿಯಲ್ಲ. ಆ್ಯಪ್ ಸೆಟ್ಟಿಂಗ್‌ನಲ್ಲಿ ಎಲ್ಲ ತೆರಿಗೆ ಸೇರಿಸಿ ದರ ತೋರಿಸು ಅನ್ನುವ ಆಯ್ಕೆ ಇದ್ದರೆ ಅದನ್ನು ಮೊದಲು ಆನ್ ಮಾಡಿ, ಆಮೇಲೆ ಹುಡುಕಿ. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಸಿಗುತ್ತವೆ. ಮನೆಯಲ್ಲಿ ಯಾರ ಹತ್ತಿರ ಇದೆ ಅಂತ ಕೇಳಿ.

ಅಯ್ಯೋ, ಚಹಾ ಉಕ್ಕಿತು. ಅವ್ವ ಹೋದಳು, ಇರಲಿ.

ಇದು ಉಣಕಲ್ ಕೆರೆ, ಸಂಜೆ. ನಡುವೆ ವಿವೇಕಾನಂದರ ಮೂರ್ತಿ ಕಾಣುತ್ತಿದೆ. ಇಲ್ಲಿಗೆ ಬಂದದ್ದೂ ಹೋಟೆಲ್ ವಿಷಯಕ್ಕೇ. ಹೋಟೆಲಿನವರು ಬರೆಯುತ್ತಾರಲ್ಲ, ಮೆಟ್ರೋ ಸ್ಟೇಷನ್‌ನಿಂದ ಆರು ನಿಮಿಷದ ನಡಿಗೆ ಅಂತ. ಯಾರ ನಡಿಗೆ? ಮ್ಯಾಪ್ ಲೆಕ್ಕದಲ್ಲಿ ಆರು ನಿಮಿಷ ಅಂದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಅವ್ವನನ್ನು ಅವಳ ಪಾಡಿಗೆ ಅಷ್ಟು ದೂರ ನಡೆಸಿ, ಫೋನ್‌ನಲ್ಲಿ ಸಮಯ ಹಿಡಿದೆ. ನಡುವೆ ಒಂದು ಸಲ ಕಟ್ಟೆಯ ಮೇಲೆ ಕೂತಳು. ಬಲ ಮೊಣಕಾಲು ತಿಕ್ಕಿಕೊಂಡಳು. ಎದ್ದು ಮತ್ತೆ ನಡೆದಳು. ಹದಿನೈದು ನಿಮಿಷ. ದಿನವಿಡೀ ಸುತ್ತಿ ಬಂದ ಮೇಲೆ ರಾತ್ರಿ ಈ ಹದಿನೈದು ನಿಮಿಷ ನಡೆಯಬೇಕು. ಆ ಊರಲ್ಲಿ ಸೆಕೆ ಬೇರೆ, ವರ್ಷವಿಡೀ.

ನಮ್ಮ ಹುಬ್ಬಳ್ಳಿ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸ್ಟೇಷನ್‌ನ ಪ್ಲಾಟ್‌ಫಾರ್ಮ್ 1,507 ಮೀಟರ್, 2023ರಲ್ಲಿ ಉದ್ಘಾಟನೆ ಆದದ್ದು, ಪ್ರಪಂಚದಲ್ಲೇ ಉದ್ದ ಅಂತ ನಮಗೆ ಹೆಮ್ಮೆ. ಬೋಗಿ ಆ ತುದಿಯಲ್ಲಿ ನಿಂತು, ಜೊತೆಗೆ ವಯಸ್ಸಾದವರು ಇದ್ದರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೇ ಗೊತ್ತು.

ಹಾಗಾಗಿ ನನ್ನ ಅಳತೆ ಒಂದೇ. ರೂಮಿನ ಬಾಗಿಲಿನಿಂದ ಸ್ಟೇಷನ್‌ನ ಲಿಫ್ಟ್ ತನಕ ಎಷ್ಟು ದೂರ? ಸ್ಟೇಷನ್ ತನಕ ಅಲ್ಲ, ಲಿಫ್ಟ್ ತನಕ. ಅಲ್ಲಿ ಒಂದೊಂದು ಸ್ಟೇಷನ್‌ಗೆ ಎ, ಬಿ, ಸಿ ಅಂತಲೋ 1, 2, 3 ಅಂತಲೋ ಹಲವು ಬಾಗಿಲು. ಲಿಫ್ಟ್ ಎಲ್ಲ ಸ್ಟೇಷನ್‌ನಲ್ಲೂ ಇದೆ, ಎಲ್ಲ ಬಾಗಿಲಲ್ಲೂ ಇಲ್ಲ. ಹೋಟೆಲ್ ಎ ಬಾಗಿಲ ಎದುರಿಗೇ ಇದ್ದು, ಲಿಫ್ಟ್ ರಸ್ತೆಯ ಆ ಕಡೆ ಇದ್ದರೆ? ಮ್ಯಾಪ್ ಹಿಗ್ಗಿಸಿ ನೋಡಿಯೇ ಬುಕ್ ಮಾಡಿ. ಹೋಟೆಲಿನಲ್ಲೂ ಲಿಫ್ಟ್ ಇದೆಯಾ ಕೇಳಿ. ಹಳೇ ಅಂಗಡಿ ಮನೆಗಳನ್ನು ಹೋಟೆಲ್ ಮಾಡಿದ್ದಾರೆ, ಬಣ್ಣಬಣ್ಣದ ಕಿಟಕಿ, ಫೋಟೋದಲ್ಲಿ ಬಹಳ ಚೆಂದ. ಒಳಗೆ ಕಡಿದಾದ ಮೆಟ್ಟಿಲು ಮಾತ್ರ ಇರುವಂಥವೂ ಇವೆ.

ಯಾವ ಏರಿಯಾ ಅನ್ನುವುದಕ್ಕೆ ಬರುತ್ತೇನೆ. ಮಗಳಿಗೆ ಮರೀನಾ ಬೇ ಸ್ಯಾಂಡ್ಸ್ ಹೋಟೆಲ್ ಬೇಕು. 57ನೇ ಮಹಡಿ ಮೇಲಿನ ಆ ಈಜುಕೊಳ, ನೀವೂ ಫೋಟೋದಲ್ಲಿ ನೋಡಿರುತ್ತೀರಿ. ಅಲ್ಲಿ ತಂಗಿದವರಿಗೆ ಮಾತ್ರ ಅದರಲ್ಲಿ ಇಳಿಯಲಿಕ್ಕೆ ಬಿಡುತ್ತಾರೆ. ಒಂದೇ ರಾತ್ರಿ ಅಲ್ಲಿ, ಉಳಿದದ್ದು ಬೇರೆ ಕಡೆ ಅಂತ ನಾನೂ ಆಸೆಪಟ್ಟೆ. ಆದರೆ ಹೋಟೆಲ್ ಬದಲಿಸಿದ ದಿನ ಬೆಳಿಗ್ಗೆ ಒಂದು ಕಡೆ ಖಾಲಿ ಮಾಡಬೇಕು, ಇನ್ನೊಂದು ಕಡೆ ರೂಮ್ ಸಿಗುವುದು ಮಧ್ಯಾಹ್ನ ಮೂರಕ್ಕೆ. ನಡುವಿನ ಹೊತ್ತೆಲ್ಲ ಸಾಮಾನು ಹೊರುವುದರಲ್ಲೇ ಹೋಗುತ್ತದೆ. ಬೇಡ. ಕೆಳಗಿನ ಗಾರ್ಡನ್ಸ್ ಬೈ ದ ಬೇ ಯಾರು ಬೇಕಾದರೂ ಸುತ್ತಬಹುದು. ಸಂಜೆ ಅಲ್ಲಿ ಕೂತು ಬಂದರಾಯಿತು.

ಗೇಲಾಂಗ್ ಅನ್ನುವ ಕಡೆ ಹೋಟೆಲ್ ಅಗ್ಗ. ಅಲ್ಲಿನ ಕೆಲವು ಗಲ್ಲಿಗಳು ವೇಶ್ಯಾವಾಟಿಕೆಗೆ ಹೆಸರಾದವು. ಊಟ ಚೆನ್ನಾಗಿ ಸಿಗುತ್ತದೆ, ಹಗಲು ಹೋಗಿ ಉಂಡು ಬರಬಹುದು. ಅವ್ವ, ಮಗಳನ್ನು ಕರೆದುಕೊಂಡು ರಾತ್ರಿ ಅಲ್ಲಿ ತಂಗಲು ನನಗೆ ಮನಸ್ಸಿಲ್ಲ. ದರ ಬಹಳ ಕಡಿಮೆ ಕಂಡರೆ ವಿಳಾಸ ಓದಿ.

ಲಿಟಲ್ ಇಂಡಿಯಾ ಬಗ್ಗೆ ನನ್ನದು ಮೊದಲಿನಿಂದ ಒಂದೇ ಮಾತು. ಅಷ್ಟು ದೂರ ಹೋಗಿ ಮತ್ತೆ ಇಡ್ಲಿ ವಡೆ ಬೀದಿಯಲ್ಲಿ ಇರುವುದಾ? ಬೇಡವೇ ಬೇಡ. ಇದನ್ನೇ ಧಾರವಾಡದ ಮಾವಶಿ ಹತ್ತಿರ ಹೇಳಿದೆ. ಅವರು ಮಗನ ಜೊತೆ ಹೋಗಿ ಬಂದವರು. ಅವರ ಮನೆಗೆ ಮತ್ತೆ ಹೋಗುತ್ತಿರುವುದೇ ಈ ಶಾಟ್, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು. ಕಿಟಕಿ ಪಕ್ಕದ ಸೀಟ್ ಸಿಕ್ಕಿತು, ಹಾಗಾಗಿ ರಸ್ತೆ ಜಾಸ್ತಿ ತೋರಿಸುತ್ತಿದ್ದೇನೆ.

ಮಾವಶಿ ಮೆಟ್ರೋ ಮ್ಯಾಪ್ ಬಿಡಿಸಿ ನನ್ನ ಮುಂದೆ ಇಟ್ಟರು. ಲಿಟಲ್ ಇಂಡಿಯಾ ಸ್ಟೇಷನ್‌ನಲ್ಲಿ ಎರಡು ಲೈನ್ ಕೂಡುತ್ತವೆ. ನೀಲಿ ಡೌನ್‌ಟೌನ್ ಲೈನ್ ಹತ್ತಿದರೆ ಬುಗಿಸ್, ಮರೀನಾ ಬೇ ಪಕ್ಕದ ಬೇಫ್ರಂಟ್, ಚೈನಾಟೌನ್. ಅದೇ ಲೈನಿನಲ್ಲಿ ಎದುರು ದಿಕ್ಕಿಗೆ ಹೋದರೆ ಬೊಟಾನಿಕ್ ಗಾರ್ಡನ್. ನೇರಳೆ ಲೈನ್ ಹತ್ತಿದರೆ ಹಾರ್ಬರ್‌ಫ್ರಂಟ್, ಅಲ್ಲಿಂದ ಸೆಂಟೋಸಾ ದ್ವೀಪ. ನಮಗೆ ಬೇಕಾದದ್ದೆಲ್ಲ ಗಾಡಿ ಬದಲಿಸದೆ ಸಿಗುತ್ತದೆ. ಅವ್ವ ಎಲ್ಲೂ ಮೆಟ್ಟಿಲು ಹತ್ತಿ ಇಳಿಯಬೇಕಾಗಿಲ್ಲ. ಸೆರಂಗೂನ್ ರಸ್ತೆಯಲ್ಲಿ ವೀರಮಾಕಾಳಿಯಮ್ಮನ ಗುಡಿ ಇದೆ. 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ ಇದೆ, ಪೂರ್ತಿ ಸಸ್ಯಾಹಾರಿ. ಅವ್ವ ಮೊಟ್ಟೆ ಬೆರೆಸಿದ ಕೇಕನ್ನೂ ಮುಟ್ಟುವುದಿಲ್ಲ. ರಾತ್ರಿ ಸುಸ್ತಾಗಿ ಬಂದಾಗ ಊಟ ಎಲ್ಲಿ ಅಂತ ಹುಡುಕುತ್ತಾ ಅಲೆಯುವುದು ತಪ್ಪಿತು. ಈಗ ನನ್ನ ಮಾತೇ ಬೇರೆ. ವಯಸ್ಸಾದವರು, ಸಸ್ಯಾಹಾರಿಗಳು ಜೊತೆಗಿದ್ದರೆ ಲಿಟಲ್ ಇಂಡಿಯಾ ಬಿಟ್ಟು ಬೇರೆ ನೋಡಬೇಡಿ. ಗೆಳತಿಯರ ಜೊತೆ ಹೋದರೆ ಚೈನಾಟೌನ್. ಅಲ್ಲೂ ಇವೇ ಎರಡು ಲೈನ್.

ಮಾವಶಿ ಒಂದು ಎಚ್ಚರಿಕೆ ಕೊಟ್ಟರು. ಭಾನುವಾರ ಸಂಜೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವಾರವಿಡೀ ದುಡಿಯುವ ಕೂಲಿಕಾರರಿಗೆ ಅದೊಂದೇ ಬಿಡುವು. ಅವರು ಸೇರುವ ಜಾಗ ಅದು, ಸೇರಲಿ. ನಾವು ಭಾನುವಾರ ಸಂಜೆ ಸೆಂಟೋಸಾಕ್ಕೆ ಹೋಗುತ್ತೇವೆ.

ಕಿಟಕಿ! ಮರೆಯುವ ಮುಂಚೆ ಹೇಳುತ್ತೇನೆ. ಅಲ್ಲಿ ಅಗ್ಗದ ರೂಮುಗಳಿಗೆ ಬಹಳ ಕಡೆ ಕಿಟಕಿಯೇ ಇರುವುದಿಲ್ಲ. ರೂಮಿನ ಹೆಸರಿನಲ್ಲೇ ನೋ ವಿಂಡೋ ಅಂತ ಬರೆದಿರುತ್ತಾರೆ. ಅವ್ವನಿಗೆ ಓದಿ ಹೇಳಿದ್ದಕ್ಕೆ, "ಕಿಟಕಿ ಇಲ್ಲದ ಖೋಲಿಗೆ ರೊಕ್ಕ ಯಾಕ ಕೊಡಬೇಕು?" ಅಂದಳು. ಬೆಳಗಾದದ್ದು ಗೊತ್ತಾಗಬೇಕು ಅವಳಿಗೆ. ಇಪ್ಪತ್ತು ಡಾಲರ್ ಜಾಸ್ತಿ ಆದರೂ ಕಿಟಕಿ ಇರುವುದನ್ನೇ ಹಿಡಿದೆ. ಈಜುಕೊಳ, ಜಿಮ್, ಬೆಳಗಿನ ಬಫೆ, ಇವನ್ನೆಲ್ಲ ಬಿಟ್ಟು ಆ ದುಡ್ಡನ್ನು ಕಿಟಕಿಗೂ ಲಿಫ್ಟ್‌ಗೂ ಹಾಕಿದ್ದೇನೆ.

ಹೋಟೆಲ್ ಯಾಕೆ, ಫ್ಲ್ಯಾಟ್ ತಗೊಳ್ಳಿ, ಅಡುಗೆ ಮಾಡಿಕೊಳ್ಳಬಹುದು ಅಂತ ನಿಮ್ಮಲ್ಲಿ ಹಲವರು ಹೇಳುತ್ತಿದ್ದೀರಿ. ಸಿಂಗಾಪುರದಲ್ಲಿ ಅದು ಕಾನೂನು ಬಾಹಿರ. ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವಂತಿಲ್ಲ. ಸರ್ಕಾರಿ ಎಚ್‌ಡಿಬಿ ಫ್ಲ್ಯಾಟ್ ಆದರೆ ಆರು ತಿಂಗಳು. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಒಪ್ಪಬೇಡಿ.

ಕೊನೆಗೆ ಬುಕ್ ಆದದ್ದು ಲಿಟಲ್ ಇಂಡಿಯಾ ಪಕ್ಕದ ಸ್ಟೇಷನ್, ಫಾರರ್ ಪಾರ್ಕ್ ಹತ್ತಿರ. ಅದೂ ನೇರಳೆ ಲೈನ್, ನೀಲಿ ಲೈನ್ ಬೇಕಾದರೆ ಒಂದೇ ಸ್ಟಾಪ್. 22 ಚದರ ಮೀಟರ್, ಮೂರು ಜನಕ್ಕೆ ಹಾಸಿಗೆ, ಕಿಟಕಿ ಇದೆ, ನೀರು ಕಾಯಿಸುವ ಕೆಟಲ್ ಇದೆ. ವೀಸಾ ಇನ್ನೂ ಬಂದಿಲ್ಲ, ಹಾಗಾಗಿ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರುವ ದರದಲ್ಲೇ ಹಿಡಿದೆ. ಇಲ್ಲೊಂದು ಸೂಕ್ಷ್ಮ ಇದೆ, ಕೇಳಿ. ಆ ಗಡುವು ಹೋಟೆಲ್ ಇರುವ ಊರಿನ ಸಮಯಕ್ಕೆ. ಅವರು ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 12 ಅಂದರೆ ನಮ್ಮಲ್ಲಿ ಒಂಬತ್ತೂವರೆ. ನಮ್ಮ ಗಡಿಯಾರ ನೋಡಿಕೊಂಡು ರಾತ್ರಿ ಹನ್ನೊಂದಕ್ಕೆ ರದ್ದು ಮಾಡಿದರೆ ಒಂದು ರಾತ್ರಿಯ ಬಾಡಿಗೆ ಹೋದ ಹಾಗೆಯೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗುವವರು ಫಾರ್ಮುಲಾ ಒನ್ ರೇಸ್ ಯಾವ ವಾರ ಅಂತಲೂ ನೋಡಿ. ಆ ವಾರ ಊರಿನ ಹೋಟೆಲ್ ದರವೆಲ್ಲ ಏರುತ್ತದೆ.

ನಮ್ಮ ವಿಮಾನ ಬೆಂಗಳೂರಿನಿಂದ ರಾತ್ರಿ, ಇಳಿಯುವುದು ಬೆಳಿಗ್ಗೆ. ರೂಮ್ ಕೊಡುವುದು ಮೂರು ಗಂಟೆಗೆ. ಸಾಮಾನು ಇಟ್ಟುಕೊಳ್ಳುತ್ತೀರಾ, ಬೇಗ ರೂಮ್ ಖಾಲಿ ಆದರೆ ಕೊಡುತ್ತೀರಾ, ಅಮ್ಮನಿಗೆ ಮೊಣಕಾಲು ನೋವು ಅಂತ ಹೋಟೆಲಿಗೆ ಮೇಲ್ ಹಾಕಿದ್ದೇನೆ. ಸಾಮಾನು ಇಡಬಹುದು ಅಂತ ಉತ್ತರ ಬಂದಿದೆ. ರೂಮ್ ವಿಷಯ ಆ ದಿನವೇ ಹೇಳುತ್ತಾರಂತೆ. ಬಸ್ ಜ್ಯುಬಿಲಿ ಸರ್ಕಲ್‌ಗೆ ಬಂತು, ಇಳಿಯಬೇಕು. ವೀಸಾ ಬಂದ ಮೇಲೆ ಮುಂದಿನ ವಿಡಿಯೋ ಹಾಕುತ್ತೇನೆ.